ಕೌದಿ ಮತ್ತು ತುಂಡುಬಟ್ಟೆ ಹೊದಿಕೆಗಳ ಕೈಹೊಲಿಗೆ

ಉಟ್ಟು ಹಳತಾದ ಬಟ್ಟೆಯನ್ನೋ ದರ್ಜಿಯ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚಿಂದಿಯನ್ನೋ ತುಂಡಿಗೆ ತುಂಡು ಕೂಡಿಸಿ ಹೊದಿಕೆ, ಹಾಸಿಗೆ ಮಾಡಲು ಬಳಸುವ ಕೈಹೊಲಿಗೆಗಳು. ಇಂಥ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಹೆಸರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರಲ್ಲಿ ಅದು ಕವಂದಿ, ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಸಿಂಧ್ ಮತ್ತು ಕಚ್ಛದ ಕಡೆ ರಲ್ಲಿ, ಇಂಗ್ಲೆಂಡ್ ಅಮೆರಿಕಗಳಲ್ಲಿ ಕ್ವಿಲ್ಟ್. ಇವುಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಬಣ್ಣ, ವಿನ್ಯಾಸಗಳನ್ನೇ ನೋಡಿದ್ದಾರೆ. ಹೊದಿಕೆಯನ್ನು ಮಗುಚಿ ಅದರ ಬೆನ್ನನ್ನು ನೋಡಿದರೆ ಬೇರೆಯೇ ಚರಿತ್ರೆ ಕಾಣುತ್ತದೆ. ಎಷ್ಟೋ ಸಲ ವಿನ್ಯಾಸ ಮೊದಲು ಬಂದು ಹೊಲಿಗೆ ಅದರ ಹಿಂದೆ ಬಂದದ್ದಲ್ಲ. ಕೈಗೆ ರೂಢಿಯಾದ ಹೊಲಿಗೆಯೇ ಯಾವ ವಿನ್ಯಾಸ ಸಾಧ್ಯ ಎಂಬುದನ್ನು ತೀರ್ಮಾನಿಸಿದೆ.

ಹೊಲಿಯುವವರ ಮುಂದೆ ಎರಡು ಕೆಲಸಗಳಿರುತ್ತವೆ. ತುಂಡುಗಳನ್ನು ಒಂದಕ್ಕೊಂದು ಕೂಡಿಸುವುದು ಮೊದಲನೆಯದು. ಮೇಲಿನ ಪದರ, ಒಳಗಿನ ತುಂಬು, ಕೆಳಗಿನ ಪದರ ಇವು ಜಾರದಂತೆ ಹಿಡಿದಿಡುವುದು ಎರಡನೆಯದು. ಎರಡನ್ನೂ ಒಂದೇ ಹೊಲಿಗೆಯಲ್ಲಿ ಮುಗಿಸುವ ಸಂಪ್ರದಾಯಗಳಿವೆ. ಕೌದಿ, ಕವಂದಿಗಳು ಆ ಸಾಲಿನವು. ಎರಡನ್ನೂ ಬೇರೆ ಬೇರೆ ಮಾಡಿಕೊಂಡ ಸಂಪ್ರದಾಯಗಳೂ ಇವೆ; ಇಂಗ್ಲೆಂಡ್ ಮತ್ತು ಅಮೆರಿಕದ ಹೊದಿಕೆಗಳು ಅಲ್ಲಿಗೆ ಸೇರುತ್ತವೆ. ಕೆಲಸ ಎರಡಾದ ಮೇಲೆ ಕೂಡಿಸುವುದಕ್ಕೆ ಯಾವ ಹೊಲಿಗೆ ಒಳ್ಳೆಯದು ಎಂಬ ಚರ್ಚೆಯೂ ಹುಟ್ಟಿಕೊಂಡಿತು.

ಹೊಲಿಗೆಗಳು ಮುಖ್ಯವಾಗಿ ಮೂರೇ. ಸೂಜಿ ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತಾ ಮುಂದಕ್ಕೇ ಸಾಗುವುದು ಸಾದಾ ಹೊಲಿಗೆ. ದರ್ಜಿಗಳ ಮಾತಿನಲ್ಲಿ ರನ್ನಿಂಗ್ ಸ್ಟಿಚ್. ಒಂದು ಹೆಜ್ಜೆ ಹಿಂದೆ ಹೋಗಿ ಎರಡು ಹೆಜ್ಜೆ ಮುಂದೆ ಬರುವುದು ಬ್ಯಾಕ್ ಸ್ಟಿಚ್. ದಾರ ಹೆಚ್ಚು ಬೇಕು, ಹೊತ್ತೂ ಹೆಚ್ಚು, ಬಿಗಿ ಮಾತ್ರ ಮೂರರಲ್ಲೂ ಮಿಗಿಲು. ಮಡಿಚಿದ ಎರಡು ಅಂಚುಗಳನ್ನು ಜೊತೆಗಿಟ್ಟು ದಾರವನ್ನು ಅವುಗಳ ಮೇಲೆ ಸುತ್ತಿ ಸುತ್ತಿ ತರುವುದು ಸುತ್ತುಹೊಲಿಗೆ.

ತುಂಡು ಜೋಡಿಸುವ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ದೈರ್ ಅಲ್ ಬಹ್ರಿಯಲ್ಲಿ ಸಿಕ್ಕ, ಇಸೆತೆಂಖೆಬ್ ಎಂಬ ರಾಜಮನೆತನದ ಹೆಂಗಸಿನ ಚರ್ಮದ ಮೇಲ್ಕಟ್ಟು ಕ್ರಿಸ್ತಪೂರ್ವ ಹತ್ತನೆಯ ಶತಮಾನದ ಸುಮಾರಿನದು. ಬಣ್ಣ ಹಾಕಿದ ತೊಗಲಿನ ತುಂಡುಗಳನ್ನು ಕೂಡಿಸಿ ಮಾಡಿದ್ದು. ಭಾರತದಲ್ಲಿ ಬೌದ್ಧರ ವಿನಯ ಪಿಟಕ ಭಿಕ್ಷುಗಳ ಉಡುಪಾದ ಚೀವರದ ವಿಷಯ ಹೇಳುತ್ತದೆ. ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ನೋಡಿದ ಬುದ್ಧ ಅದೇ ಮಾದರಿಯಲ್ಲಿ ಚೀವರ ಮಾಡಲು ಸಾಧ್ಯವೇ ಎಂದು ಶಿಷ್ಯ ಆನಂದನನ್ನು ಕೇಳಿದನಂತೆ. ಕತ್ತರಿಸಿ ಜೋಡಿಸಿದ ಬಟ್ಟೆಗೆ ಕಳ್ಳರೂ ಆಸೆಪಡುವುದಿಲ್ಲ ಎಂಬುದು ಅದರ ಹಿಂದಿದ್ದ ಜಾಣತನ. ಚೀನಾದ ದುನ್‌ಹುವಾಂಗ್‌ನ ಗುಹೆಯಿಂದ ಪುರಾತತ್ತ್ವಜ್ಞ ಔರೆಲ್ ಸ್ಟೈನ್ 1907ರಲ್ಲಿ ತಂದ ವಸ್ತುಗಳಲ್ಲಿ ರೇಷ್ಮೆ ತುಂಡುಗಳ ಒಂದು ಜೋಡಣೆ ಇದೆ. ಅದು ಸಾವಿರ ವರ್ಷಕ್ಕೂ ಹಳೆಯದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೀದಿಯಲ್ಲಿ ಬಿದ್ದ ಚಿಂದಿಯಿಂದ ಮಾಡಿದ ಕಂಥೆ ಹೊದ್ದ ಯೋಗಿಯ ಚಿತ್ರ ಭಜಗೋವಿಂದಂ ಸ್ತೋತ್ರದಲ್ಲಿ ಬರುತ್ತದೆ. ಆ ಕಂಥೆಯೇ ಕನ್ನಡದ ಕಂತೆ, ಬಂಗಾಳದ ಕಾಂಥಾ. ಜಸೀಮುದ್ದೀನ್ ಎಂಬ ಬಂಗಾಳಿ ಕವಿ 1929ರಲ್ಲಿ ಪ್ರಕಟಿಸಿದ ಕಥನಕಾವ್ಯದ ಹೆಸರಿನಲ್ಲಿಯೂ ಕಾಂಥಾ ಇದೆ. ಕನ್ನಡದಲ್ಲಿ ಆ ಮಾತು ಹೊದಿಕೆಯನ್ನು ಬಿಟ್ಟು ಕಾಗದದ ಕಂತೆ, ಅಂತೆಕಂತೆಗಳ ಕಡೆಗೆ ಸರಿದುಬಿಟ್ಟಿತು. ಹೊದಿಕೆಗೆ ಕೌದಿ ಎಂಬ ಹೆಸರೇ ನಿಂತಿತು.

ಕೌದಿಯ ಹೊಲಿಗೆ ಮೊದಲಿನಿಂದ ಕೊನೆಯವರೆಗೂ ಸಾದಾ ಹೊಲಿಗೆಯೇ. ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುತ್ತಾರೆ. ಒಳಗೆ ಹತ್ತಿ ತುಂಬುವುದಿಲ್ಲ. ಇನ್ನೂ ಹಳತಾದ, ಹೊರಗೆ ಕಾಣಲು ಯೋಗ್ಯವಲ್ಲದ ಬಟ್ಟೆಗಳೇ ನಡುವಿನ ಪದರ. ಮೇಲೆ ಬಣ್ಣದ ತುಂಡುಗಳು: ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸದ ತೋಳು, ಮಕ್ಕಳ ಅಂಗಿಯ ಬೆನ್ನು. ಮನೆಯವರೇ ಹೊಲಿಯುವುದುಂಟು, ಊರೂರು ತಿರುಗುವ ಗೊಂದಲಿಗರ ಹೆಂಗಸರಿಂದ ಹೊಲಿಸುವುದೂ ಉಂಟು. ದೊಡ್ಡ ಸೂಜಿ, ದಪ್ಪ ದಾರ. ಸೂಜಿಯನ್ನು ಒಮ್ಮೆ ಚುಚ್ಚಿ ಎಳೆಯುವುದಿಲ್ಲ. ಎಡಗೈಯಿಂದ ಬಟ್ಟೆಯನ್ನು ಅಲೆಯಂತೆ ಮೇಲೆ ಕೆಳಗೆ ಆಡಿಸುತ್ತಾ ಒಂದೇ ಸೂಜಿಗೆ ನಾಲ್ಕೈದು ಮಡಿಕೆ ಏರಿಸಿಕೊಂಡು, ಆಮೇಲೆ ಒಂದೇ ಸಲಕ್ಕೆ ದಾರ ಎಳೆಯುತ್ತಾರೆ. ಐದಾರು ಪದರ ದಾಟಬೇಕಾದ ಸೂಜಿಗೆ ಈ ಒಂದು ಹೊಲಿಗೆ ಬಿಟ್ಟರೆ ಬೇರೆ ದಾರಿ ಇಲ್ಲ. ಅಷ್ಟು ದಪ್ಪದಲ್ಲಿ ಬ್ಯಾಕ್ ಸ್ಟಿಚ್ ಹಾಕಲು ಹೋದರೆ ದಿನ ಮುಗಿದರೂ ಅಂಚು ಮುಗಿಯದು. ಸಾದಾ ಹೊಲಿಗೆಯನ್ನು ಬಡವರ ಅನಿವಾರ್ಯ ಎಂದು ಬರೆದವರಿದ್ದಾರೆ. ಅದು ಅರ್ಧ ಸತ್ಯ. ಹೊದಿಕೆ ಮೈಮೇಲೆ ಬಳಕುವಂತೆ ಇರಬೇಕಾದರೆ ಹೊಲಿಗೆಯಲ್ಲಿ ಸಡಿಲ ಇರಲೇಬೇಕು, ಆ ಸಡಿಲ ಕೊಡುವುದು ಇದೊಂದೇ.

ಸಿದ್ದಿಯರ ಕವಂದಿಯಲ್ಲಿ ಈ ಕ್ರಮ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಫ್ರಿಕಾ ಮೂಲದ ಸಿದ್ದಿಯರು ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರ ಹೊಲಿಗೆ ಒಂದು ಮೂಲೆಯಿಂದ ಶುರುವಾಗುತ್ತದೆ. ಹಾಸಿದ ಸೀರೆಯ ಮೂಲೆಯಲ್ಲಿ ಒಂದು ತುಂಡನ್ನಿಟ್ಟು ಅದರ ಅಂಚನ್ನು ಉಗುರಿನಿಂದ ಒಳಕ್ಕೆ ಮಡಿಚಿ ಸೂಜಿ ಹಾಯಿಸುತ್ತಾರೆ. ಮುಂದಿನ ತುಂಡು ಅದರ ಪಕ್ಕದಲ್ಲಿ, ಅದರ ಅಂಚನ್ನು ಮುಚ್ಚಿಕೊಂಡು ಕೂರುತ್ತದೆ. ಹೀಗೆ ನಾಲ್ಕೂ ಅಂಚು ಸುತ್ತಿ, ಮತ್ತೆ ಒಳಗಿನ ಸುತ್ತು, ಮತ್ತೆ ಅದರ ಒಳಗಿನದು. ಕೊನೆಯ ತುಂಡು ನಡುವೆ ಬೀಳುವ ಹೊತ್ತಿಗೆ ಹೊದಿಕೆ ಪೂರ್ತಿ. ಕೂಡಿಸುವುದು ಬೇರೆ, ಪದರ ಹಿಡಿಯುವುದು ಬೇರೆ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಬೆನ್ನು ತಿರುಗಿಸಿ ನೋಡಿದರೆ ತುಂಡುಗಳ ಗೊಂದಲ ಯಾವುದೂ ಕಾಣದು. ಚೌಕದೊಳಗೆ ಚೌಕವಾಗಿ ನಡುವಿನ ಕಡೆಗೆ ಇಳಿಯುವ ದಾರದ ಗೆರೆಗಳಷ್ಟೇ ಕಾಣುತ್ತವೆ. ಮೂಲೆಗಳಿಗೆ ಮಡಿಕೆ ಮಡಿಕೆಯ ಮುಕ್ಕೋನದ ತುಂಡು ಹಚ್ಚುತ್ತಾರೆ. ಅದರ ಹೆಸರು ಫುಲ, ಎಂದರೆ ಹೂವು. ಅದಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಜಾನ್ ಡ್ರೂವಾಲ್ ಈ ಹೊದಿಕೆಗಳನ್ನು ಅಭ್ಯಾಸ ಮಾಡಿ ಬರೆದರು. 2004ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರ ಗುಂಪೊಂದು ಹುಟ್ಟಲು ನೆರವಾದರು. ಆಫ್ರಿಕದ ನೆನಪನ್ನು ಕವಂದಿಯ ಬಣ್ಣಗಳಲ್ಲಿ ಹುಡುಕುವವರಿದ್ದಾರೆ. ಹೊಲಿಗೆಯ ಕ್ರಮವನ್ನು ಮಾತ್ರ ನೋಡಿದರೆ ಅದು ದಖ್ಖನ್ನಿನ ಕೌದಿ, ಗೋಧಡಿಗಳ ಹತ್ತಿರದ ನಂಟು.

ಇಂಗ್ಲೆಂಡಿನ ಕಥೆ ಬೇರೆ, ಆದರೆ ಅದರಲ್ಲೂ ಭಾರತದ ಬಟ್ಟೆ ಇದೆ. ಕಂಬ್ರಿಯಾದ ಲೆವೆನ್ಸ್ ಹಾಲ್ ಎಂಬ ಹಳೆಯ ಮನೆಯಲ್ಲಿರುವ, ಸುಮಾರು 1708ರದೆಂದು ಹೇಳುವ ಹೊದಿಕೆ ಭಾರತದ ಛೀಟಿನ, ಎಂದರೆ ಬಣ್ಣದ ಚಿತ್ತಾರದ ಹತ್ತಿ ಬಟ್ಟೆಯ, ತುಂಡುಗಳಿಂದಾದದ್ದು. ನಮ್ಮ ಛೀಟು ಅಲ್ಲಿನ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂದು ಅಲ್ಲಿನ ಸಂಸತ್ತು 1700 ಮತ್ತು 1721ರಲ್ಲಿ ನಿಷೇಧದ ಕಾನೂನು ತಂದಿತು. 1774ರವರೆಗೆ ಅದು ಜಾರಿಯಲ್ಲಿತ್ತು. ಸುಲಭಕ್ಕೆ ಸಿಗದ ಬಟ್ಟೆಯ ಚೂರನ್ನೂ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ?

ಅಲ್ಲಿ ಬೆಳೆದ ಕ್ರಮ ಕಾಗದದ್ದು. ಬೇಕಾದ ಆಕಾರಕ್ಕೆ ಕಾಗದ ಕತ್ತರಿಸಿ, ಬಟ್ಟೆಯ ತುಂಡನ್ನು ಅದರ ಮೇಲೆ ಮಡಿಚಿ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತಾರೆ. ಹೀಗೆ ಸಿದ್ಧವಾದ ಎರಡು ತುಂಡುಗಳನ್ನು ಮುಖಕ್ಕೆ ಮುಖ ಮಾಡಿ ಹಿಡಿದು, ಮಡಿಕೆಯ ತುದಿಯ ಒಂದೆರಡು ನೂಲೆಳೆ ಮಾತ್ರ ಸಿಗುವಂತೆ ಸುತ್ತುಹೊಲಿಗೆಯಿಂದ ಕೂಡಿಸುತ್ತಾರೆ. ಸೂಜಿ ಕಾಗದಕ್ಕೆ ತಾಗಬಾರದು. ತಾಗಿದರೆ ಆಮೇಲೆ ಕಾಗದ ಕೀಳುವಾಗ ದಾರವೂ ಕಿತ್ತು ಬರುತ್ತದೆ. ಇದರ ಗುಟ್ಟು ಆಕಾರದಲ್ಲಿದೆ. ಚೌಕಗಳನ್ನು ನೇರ ಗೆರೆಯಲ್ಲಿ ಉದ್ದಕ್ಕೆ ಹೊಲಿದುಬಿಡಬಹುದು. ಷಟ್ಕೋನಗಳಲ್ಲಿ ಹಾಗಲ್ಲ, ಪ್ರತಿ ಮೂಲೆಯಲ್ಲೂ ಮೂರು ತುಂಡು ಸಂಧಿಸುತ್ತವೆ, ಗೆರೆ ಹೆಜ್ಜೆಹೆಜ್ಜೆಗೂ ತಿರುಗುತ್ತದೆ. ಸಾದಾ ಹೊಲಿಗೆಯಲ್ಲಿ ಆ ತಿರುವುಗಳನ್ನು ಕರಾರುವಾಕ್ಕಾಗಿ ಹಿಡಿಯುವುದು ಕಷ್ಟ. ಜಾರುವ ರೇಷ್ಮೆಯಾದರೆ ಇನ್ನೂ ಕಷ್ಟ. ಕಾಗದ ಎರಡು ತೊಂದರೆಯನ್ನೂ ಒಟ್ಟಿಗೆ ನೀಗಿಸಿತು. ಇಸವಿ ನಮೂದಾದ ಬ್ರಿಟಿಷ್ ತುಂಡುಬಟ್ಟೆ ಹೊದಿಕೆಗಳಲ್ಲಿ ತಿಳಿದಷ್ಟರಲ್ಲಿ ಅತ್ಯಂತ ಹಳೆಯದಾದ 1718ರ ರೇಷ್ಮೆ ಹೊದಿಕೆ ಹೀಗೆ ಕಾಗದದ ಮೇಲೆ ಹೊಲಿದದ್ದೇ. ಕಾಗದ ದುಬಾರಿಯಾಗಿದ್ದ ಕಾಲ ಅದು. ಹಳೆಯ ಪತ್ರ, ಲೆಕ್ಕದ ಹಾಳೆ ಯಾವುದೂ ಕತ್ತರಿಗೆ ಹೊರತಾಗಿರಲಿಲ್ಲ. ಮುಗಿಯದೆ ಉಳಿದ ಹೊದಿಕೆಗಳಲ್ಲಿ ಆ ಕಾಗದಗಳು ಹಾಗೇ ಇರುವುದರಿಂದ, ಅವುಗಳ ಮೇಲಿನ ಬರಹದಿಂದಲೇ ಹೊದಿಕೆಯ ಕಾಲವನ್ನು ಗುರುತಿಸುವುದುಂಟು. ಮೇಲುಹೊದಿಕೆಯಲ್ಲಿ ಕಾಗದ ಸರಭರ ಎನ್ನುತ್ತಿದ್ದರೂ ಅದನ್ನು ಕೀಳದೆ ಬಿಟ್ಟವರು ಚರಿತ್ರಕಾರರಿಗೆ ಮಾಡಿದ ಉಪಕಾರ ದೊಡ್ಡದು.

ಒಂದೇ ಹೊದಿಕೆಯಲ್ಲಿ ಅನೇಕರ ಕೈ ಕಾಣುವುದಕ್ಕೆ ರಾಜಾ ಕ್ವಿಲ್ಟ್‌ಗಿಂತ ಒಳ್ಳೆಯ ನಿದರ್ಶನ ಸಿಗದು. ರಾಜಾ ಎಂಬ ಹಡಗಿನಲ್ಲಿ 1841ರ ಏಪ್ರಿಲ್‌ನಲ್ಲಿ ಸುಮಾರು 180 ಮಂದಿ ಕೈದಿ ಹೆಂಗಸರನ್ನು ಇಂಗ್ಲೆಂಡಿನಿಂದ ಈಗಿನ ಟಾಸ್ಮೇನಿಯಾಕ್ಕೆ ಗಡೀಪಾರು ಮಾಡಲಾಯಿತು. ಜೈಲು ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಕಟ್ಟಿದ ಸಂಘದವರು ಅವರಿಗೆ ಬಟ್ಟೆಯ ತುಂಡು, ಸೂಜಿ, ದಾರ ಕೊಟ್ಟಿದ್ದರು. ಮೂರೂವರೆ ತಿಂಗಳ ಪ್ರಯಾಣದಲ್ಲಿ 2,815 ತುಂಡುಗಳ ಹೊದಿಕೆ ಸಿದ್ಧವಾಯಿತು. ಕೆಲವೆಡೆ ಹೊಲಿಗೆ ಸಣ್ಣದಾಗಿ ಸಮನಾಗಿದೆ, ಕೆಲವೆಡೆ ಸೂಜಿ ಹಿಡಿದೇ ಗೊತ್ತಿಲ್ಲದವರ ಕೈ ಕಾಣುತ್ತದೆ, ಬೆರಳಿಗೆ ಸೂಜಿ ಚುಚ್ಚಿ ಬಿದ್ದ ರಕ್ತದ ಪುಟ್ಟ ಕಲೆಗಳೂ ಇವೆ. ಅದು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ.

ಅಮೆರಿಕಕ್ಕೆ ಕಾಗದದ ಕ್ರಮ ಹೋಗದೆ ಇರಲಿಲ್ಲ. ಗೋಡೀಸ್ ಲೇಡೀಸ್ ಬುಕ್ ಎಂಬ ಮಾಸಪತ್ರಿಕೆ 1835ರಲ್ಲಿ ಷಟ್ಕೋನದ ಮಾದರಿ ಪ್ರಕಟಿಸಿತು. ಆದರೆ ಅಲ್ಲಿ ಗೆದ್ದದ್ದು ಸಾದಾ ಹೊಲಿಗೆ. ಚೌಕ, ಮುಕ್ಕೋನಗಳಿಂದ ಮೊದಲು ಒಂದು ಪುಟ್ಟ ಘಟಕ ಹೊಲಿದುಕೊಂಡು, ಅಂಥ ಹಲವನ್ನು ಸಾಲಾಗಿ ಕೂಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹರಡಿತು. ನೇರ ಗೆರೆಗೆ ಸಾದಾ ಹೊಲಿಗೆ ಸಾಕು. ಅಂಚಿನಿಂದ ಕಾಲು ಅಂಗುಲ ಬಿಟ್ಟು, ಅಂಗುಲಕ್ಕೆ ಎಂಟು ಹತ್ತು ಹೊಲಿಗೆ, ಎರಡು ಮೂರು ಅಂಗುಲಕ್ಕೊಮ್ಮೆ ಒಂದು ಬ್ಯಾಕ್ ಸ್ಟಿಚ್. ಈ ನಡುನಡುವಿನ ಬ್ಯಾಕ್ ಸ್ಟಿಚ್ ಸಣ್ಣ ವಿಷಯವಲ್ಲ: ಎಲ್ಲೋ ಒಂದು ಕಡೆ ದಾರ ಹರಿದರೆ ಗೆರೆ ಪೂರ್ತಿ ಬಿಚ್ಚಿಕೊಳ್ಳದಂತೆ ಅದೇ ತಡೆಯುವುದು. ಗೆರೆಯುದ್ದಕ್ಕೂ ಬ್ಯಾಕ್ ಸ್ಟಿಚ್ ಹಾಕಿದರೆ ಜೋಡಣೆ ಗಟ್ಟಿ, ಆದರೆ ಬಟ್ಟೆ ಬಿರುಸಾಗುತ್ತದೆ, ತಪ್ಪಿದರೆ ಬಿಚ್ಚುವುದೂ ಯಾತನೆ. ಓರೆಯಾಗಿ ಕತ್ತರಿಸಿದ, ಎಳೆದರೆ ಹಿಗ್ಗುವ ಅಂಚಿಗೆ ಅದು ಸರಿ. ಮೂರು ನಾಲ್ಕು ತುಂಡು ಕೂಡುವ ಮೂಲೆಯಲ್ಲಿಯೂ ಸರಿ.

1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಜಪಾನಿನ ಕಲೆ ನೋಡಿ ಬಂದ ಅಮೆರಿಕನ್ನರಿಗೆ ಮುಂದಿನ ದಶಕದಲ್ಲಿ ಅಂಕುಡೊಂಕು ರೇಷ್ಮೆ ಚೂರುಗಳ ಹುಚ್ಚು ಹಿಡಿಯಿತು. ಚೂರುಗಳನ್ನು ಅಡಿಬಟ್ಟೆಯ ಮೇಲೆ ಕೂರಿಸಿ ಅಂಚಿನ ಮೇಲೆ ಕಸೂತಿ ಹಾಕುತ್ತಿದ್ದರು. ಬೇರೆಡೆ ಅಡಗಿಸಿಡುತ್ತಿದ್ದ ಹೊಲಿಗೆ ಇಲ್ಲಿ ಮೆರೆಯಿತು. ಹೊದಿಕೆ ಮಾತ್ರ ಹೊದೆಯಲು ಬಾರದ್ದಾಯಿತು.

ಹೊಲಿಗೆಯ ಆಯ್ಕೆಯನ್ನು ದಾರವೂ ತೀರ್ಮಾನಿಸುತ್ತದೆ. ನೆಪೋಲಿಯನ್ ಯುದ್ಧಗಳಿಂದ ರೇಷ್ಮೆ ಬರುವುದು ನಿಂತಾಗ ಸ್ಕಾಟ್ಲೆಂಡಿನ ಪೇಸ್ಲಿಯ ಕ್ಲಾರ್ಕ್ ಮನೆತನ ಹೊಲಿಯಲು ತಕ್ಕ ನಯವಾದ ಹತ್ತಿ ದಾರ ತಯಾರಿಸಿತು. ಹತ್ತಿ ಬಟ್ಟೆಗೆ ಹತ್ತಿ ದಾರ ಎಂಬುದು ಅಂದಿನಿಂದ ಹೊಲಿಯುವವರ ನಿಯಮವಾಗಿದೆ. ಕಾರಣ ಸರಳ: ಎಳೆತ ಬಿದ್ದಾಗ ಮೊದಲು ದಾರ ಹರಿಯಬೇಕು, ಬಟ್ಟೆಯಲ್ಲ. ಹರಿದ ದಾರವನ್ನು ಮತ್ತೆ ಹಾಕಬಹುದು. ಹಟಮಾರಿ ಪಾಲಿಯೆಸ್ಟರ್ ದಾರ ಹಳೆಯ ಹತ್ತಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ ಎಂಬುದು ಹೊಲಿಯುವವರ ನಂಬಿಕೆ. ಈಗ ಕೌದಿಗೆ ಬೀಳುವ ಸೀರೆಗಳಲ್ಲಿ ಹೆಚ್ಚಿನವು ಸಿಂಥೆಟಿಕ್. ಅವು ಜಾರುತ್ತವೆ, ಮಡಿಚಿದರೆ ಮಡಿಕೆ ನಿಲ್ಲುವುದಿಲ್ಲ. ಹಾಗಾಗಿ ಹೊಲಿಗೆ ಸಾಲುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಹಾಕಬೇಕಾಗುತ್ತದೆ.

ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕೈಹೊಲಿಗೆ ಮುಗಿಯಿತೆಂದೇ ಅನೇಕರು ತಿಳಿದರು. ಹಾಗಾಗಲಿಲ್ಲ. ತುಂಡು ಕೂಡಿಸಲು ಯಂತ್ರ, ಪದರ ಹಿಡಿಯಲು ಕೈ ಎಂಬ ಹಂಚಿಕೆ ಅಮೆರಿಕದಲ್ಲಿ ಬಹುಕಾಲ ನಡೆಯಿತು. ಅಲಬಾಮಾದ ಜೀಸ್ ಬೆಂಡ್‌ನ ಕಪ್ಪು ಹೆಂಗಸರ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಹೋದಾಗ, ಹೊಲದ ಕೆಲಸದ ಬಟ್ಟೆಗಳ ತುಂಡುಗಳ ಮೇಲೆ ಓಡಿದ್ದ ಅದೇ ದೊಡ್ಡ ದೊಡ್ಡ ಸಾದಾ ಹೊಲಿಗೆಯನ್ನು ನಗರದವರು ನಿಂತು ನೋಡಿದರು.

ಈಗ ಕೈಹೊಲಿಗೆಯ ಕೌದಿ ಎಂದು ಯಂತ್ರದಲ್ಲಿ ಹೊಲಿದದ್ದನ್ನೂ ಮಾರುತ್ತಾರೆ. ಕೊಳ್ಳುವವರು ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಸಾಕು. ಸಾದಾ ಕೈಹೊಲಿಗೆಯಲ್ಲಿ ಹೊಲಿಗೆಗೂ ಹೊಲಿಗೆಗೂ ನಡುವೆ ಖಾಲಿ ಜಾಗ ಇರುತ್ತದೆ, ಬೆನ್ನಿನಲ್ಲೂ ಹಾಗೆಯೇ. ಯಂತ್ರದ ಗೆರೆ ಎರಡು ಮಗ್ಗುಲಿನಲ್ಲೂ ಬಿಡುವಿಲ್ಲದೆ ಓಡಿರುತ್ತದೆ. ಮನೆಯಲ್ಲಿ ಹಳೆಯ ಕೌದಿ ಇದ್ದವರು ಅಲ್ಲಲ್ಲಿ ದಾರ ಹರಿದಿದೆ ಎಂದು ಅದನ್ನು ಎಸೆಯಬೇಕಾಗಿಲ್ಲ. ಅದರ ಮೇಲೆ ಇನ್ನೊಂದು ಸೀರೆ ಹಾಸಿ ಹೊಸದಾಗಿ ಹೊಲಿಯುವುದೇ ರೂಢಿ. ಹಳೆಯ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ.