ಕೆರೆಯ ಕಳೆಯೂ ಅದಕ್ಕೆ ತೆತ್ತ ದ್ರವ್ಯವೂ

ಬೆಂಗಳೂರಿನ ಹೆದ್ದಾರಿಯು ಬಟವಾಡಿಯನ್ನು ಹಾದು ತುಮಕೂರನ್ನು ಸೇರುವುದು. ಈ ನಗರಕ್ಕೆ ಅಮಾನಿಕೆರೆಯೂ, ಕುಣಿಗಲಿಗೆ ಜನಪದರ ಹಾಡಿನಲ್ಲಿ ನೆಲೆನಿಂತ ದೊಡ್ಡಕೆರೆಯೂ ಭೂಷಣಗಳಾಗಿವೆ. ಇಂತಹ ಕೆರೆಯನ್ನು ಕಟ್ಟುವುದಕ್ಕಿಂತ ಕಾಯುವುದೇ ಕಷ್ಟವೆಂಬುದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ಕಂಡುಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳೇ ಇದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಅದರ ಕೆಳಗಿನ ಗದ್ದೆಯಲ್ಲಿಯೇ ಭೂಮಿಯನ್ನು ಬಿಡುತ್ತಿದ್ದರು. ಕೆರೆಯ ಖರ್ಚನ್ನು ಕೆರೆಯ ಫಲವೇ ವರ್ಷವರ್ಷವೂ ತೂಗುತ್ತಿದ್ದಿತು.

ಆ ಕಾಲದವರು ಕಾಣದಿದ್ದ ಶತ್ರುವೊಂದು ಈಚೆಗೆ ಬಂದಿತು. ದಕ್ಷಿಣ ಅಮೆರಿಕದ ಅಮೆಜಾನ್ ಪ್ರಾಂತವು ಅದರ ತವರು. ನಮ್ಮಲ್ಲಿ ಜನರು ಅದನ್ನೂ ಅಂತರಗಂಗೆಯೆಂದೇ ಕರೆಯುವರು. ನೀಲಿ ಹೂವಿನ ಚೆಲುವಿಗೆ ಮರುಳಾಗಿ ತಂದ ಈ ಗಿಡವು, ಅನುಕೂಲವಾದ ನೀರಿನಲ್ಲಿ ಎರಡು ವಾರಗಳೊಳಗೆ ಇಮ್ಮಡಿಯಾಗಬಲ್ಲುದು. ಕೆಸರಿನಲ್ಲಿ ಹೂತ ಬೀಜವು ಹಲವು ವರ್ಷಗಳ ಮೇಲೂ ಮೊಳೆಯುವುದು.

ಸರ್ಕಾರಗಳು ಇದರೊಡನೆ ಹೋರಾಡಿದ ಕಥೆಗಳಲ್ಲಿ ವಂಗದೇಶದ್ದೂ ಒಂದು. 1921ರಲ್ಲಿ ಅಲ್ಲಿನ ಸರ್ಕಾರವು ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. 1936ರಲ್ಲಿ ಕಾಯಿದೆಯೇ ಆಯಿತು. ಗಿಡವನ್ನು ಕಿತ್ತುಹಾಕುವ ಹೊಣೆಯು ನೆಲದ ಅನುಭೋಗದಾರನ ಮೇಲೆ ಬಿದ್ದಿತು. ಆದರೆ ಒಬ್ಬನು ಕಿತ್ತ ಕಳೆಯು ನೆರೆಯವನ ನೀರಿನಿಂದ ಮತ್ತೆ ತೇಲಿಬರುವಾಗ, ಬಿಡಿಬಿಡಿಯಾಗಿ ಪಟ್ಟ ಶ್ರಮವು ನೀರಿನಲ್ಲಿ ಮಾಡಿದ ಹೋಮವಲ್ಲದೆ ಮತ್ತೇನು?

ನಮ್ಮ ನಾಡಿನಲ್ಲಿ ಬೇರೊಂದು ಉಪಾಯವು ನಡೆಯಿತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಈ ಗಿಡವನ್ನೇ ತಿಂದು ಬದುಕುವ ಸೊಂಡಿಲುಮೂತಿಯ ಕೀಟಗಳನ್ನು ಕೆರೆಗಳಲ್ಲಿ ಬಿಟ್ಟರು. ಪ್ರೌಢ ಕೀಟವು ಎಲೆಯನ್ನು ಕೆರೆಯುವುದು. ಮರಿಯು ತೊಟ್ಟನ್ನು ಕೊರೆಯುವುದು. ಕೆಲವು ಕೆರೆಗಳಲ್ಲಿ ಅಲ್ಪವ್ಯಯದಿಂದಲೇ ಕಳೆಯು ಕುಗ್ಗಿತು. ಆದರೆ ಕೀಟಗಳಿಗೆ ತಿಂಗಳುಗಳಲ್ಲ, ವರ್ಷಗಳೇ ಬೇಕು. ಚರಂಡಿಯ ನೀರು ಗೊಬ್ಬರದಂತೆ ಹರಿದುಬರುವಲ್ಲಿ, ಕೀಟವು ತಿನ್ನುವುದಕ್ಕಿಂತ ಬೇಗನೆ ಗಿಡವು ಚಿಗುರುವುದು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ದುರವಸ್ಥೆಯು ಇದಕ್ಕೆ ನಿದರ್ಶನ. ನಗರದ ಕೊಳಚೆಯನ್ನುಂಡು ಅಲ್ಲಿ ಕಳೆಯು ಹಾಸಿತು, ನೊರೆಯೆದ್ದಿತು, ಬೆಂಕಿಯೂ ಹತ್ತಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಬೆಳ್ಳಂದೂರು, ಅಗರ, ವರ್ತೂರು ಕೆರೆಗಳ ಉದ್ಧಾರಕ್ಕಾಗಿ 500 ಕೋಟಿ ರೂಪಾಯಿಗಳನ್ನು ತೆಗೆದಿರಿಸಬೇಕೆಂದು ರಾಜ್ಯಸರ್ಕಾರಕ್ಕೆ ಆಜ್ಞಾಪಿಸಿತು. ವರ್ಷವರ್ಷವೂ ಕೊಡಬೇಕಾಗಿದ್ದ ಅಲ್ಪವನ್ನು ಕೊಡದುದರ ಬಡ್ಡಿಯೇ ಈ ಮೊತ್ತವೆಂದರೆ ತಪ್ಪಾಗದು.

ಒಂದು ಬೇಸಗೆಯಲ್ಲಿ ಗುತ್ತಿಗೆ ಕೊಟ್ಟು ಕೀಳಿಸಿದ ಕಳೆಯು ಮುಂದಿನ ಮಳೆಗೆ ಮರಳುವುದು; ವ್ಯಯವಾದ ಹಣವು ಮಾತ್ರ ಮರಳದು. ಬಿತ್ತುವಟ್ಟದ ಕಾಲವು ಹೋಯಿತು, ಅದರ ನೀತಿಯು ಹೋಗಬೇಕಾದುದಿಲ್ಲ. ಪ್ರತಿ ಕೆರೆಗೂ ತಪ್ಪದ ವಾರ್ಷಿಕ ನಿಧಿಯನ್ನು ಕಟ್ಟಿ, ಆ ನಿಧಿಯಿಂದ ಮೊದಲು ಕೊಳಚೆಯ ಬಾಯನ್ನು ಮುಚ್ಚಿ, ಆಮೇಲೆ ಕಳೆಗೆ ಕೈಹಚ್ಚಿದರೆ ಅಮಾನಿಕೆರೆಯೂ ಉಳಿಯುವುದು, ಕುಣಿಗಲ ಕೆರೆಯೂ ಹಾಡಿನಲ್ಲಿ ಮಾತ್ರವೇ ಉಳಿಯುವ ದುರ್ಗತಿಯು ತಪ್ಪುವುದು.