ಗರಸಿನ ಹಾದಿ, ಒಂದೂವರೆ ಇಂಚಿನ ಟೈರು

ಬೆಂಗಳೂರಿನಿಂದ ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಗ್ರಾವೆಲ್ ರೇಸಿಗೆ ಹೆಸರು ಕೊಟ್ಟೀನಿ. ಯಾವ ಸೈಕಲ್ಲು ತಗಾಬೇಕು ಅನ್ನೋದೇ ತಲೆನೋವಾಗೇತಿ." ಗ್ರಾವೆಲ್ ಅಂದರೆ ಏನೆಂದು ಕೇಳಿದೆ. ಬಿಡಿಸಿ ಹೇಳಿದಳು. ನಮ್ಮ ಗರಸು! ಭಾನುವಳ್ಳಿಯಲ್ಲಿ ಹುಟ್ಟಿದವನಿಗೆ ಗರಸಿನ ಹಾದಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಟೈರು ಎಷ್ಟು ಅಗಲದ್ದು ಅಂದೆ. "ನಲವತ್ತು ಮಿಲಿಮೀಟರ್" ಅಂದಳು.

ಫೋನ್ ಇಟ್ಟವನೇ ಕೊಟ್ಟಿಗೆಗೆ ಹೋಗಿ ಅಪ್ಪನ ಸೈಕಲ್ಲಿನ ಟೈರು ಒರೆಸಿದೆ. ಧೂಳಿನಡಿ ಅಚ್ಚು ಕಾಣಿಸಿತು: 28 × 1½. ಅದರ ಮಗ್ಗುಲಲ್ಲೇ 40-635. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಮಗಳು ನೋಡಿಟ್ಟಿರುವುದು 40-622. ರಿಮ್ಮಿನಲ್ಲಿ ಹದಿಮೂರು ಮಿಲಿಮೀಟರ್ ಹೆಚ್ಚುಕಡಿಮೆ, ಅಗಲ ಅದೇ.

1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಅದೇ ವರ್ಷ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದರು. ಆ ಮನೆತನದ ಲೇತ್ ಕಾರ್ಖಾನೆ, ಮೈಸೂರು ಕಿರ್ಲೋಸ್ಕರ್, 1941ರಲ್ಲಿ ಹರಿಹರದಲ್ಲಿ ಶುರುವಾಯಿತು. ಅಪ್ಪ ಅಲ್ಲಿ ಟರ್ನರ್. ಸೈಕಲ್ ಮಾರಿದವರ ಕಾರ್ಖಾನೆಗೆ ದಿನಾ ಸೈಕಲ್ ತುಳಿದು ಹೋದವನು ನಮ್ಮಪ್ಪ ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸು ಬರುವ ಸುಮಾರು 1200 ಕಿಲೋಮೀಟರಿನ ರೇಸನ್ನು ಶಾರ್ಲ್ ತೆರೋಂ 72 ಗಂಟೆಯೊಳಗೆ ಮುಗಿಸಿದ. ಹಳ್ಳಿಹಾದಿಗೆ ಆಗ ಡಾಂಬರು ಎಲ್ಲಿತ್ತು? ದೂರದ ರೇಸು ಅಂದರೇ ಮಣ್ಣು, ಕಲ್ಲು, ಧೂಳು. ಈಗ ಹೊಸದೆಂದು ಕರೆಯುವ ಗರಸಿನ ರೇಸು ಸೈಕಲ್ ರೇಸಿನ ಹಳೇ ತವರು. ಗೇರಿಗೂ ಅಂಥದೇ ಕಥೆ: ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಟೂರ್ ಡಿ ಫ್ರಾನ್ಸ್‌ನಲ್ಲಿ 1937ರವರೆಗೆ ಪರವಾನಗಿಯೇ ಇರಲಿಲ್ಲ. ಅಪ್ಪನಿಗೂ ಇದ್ದದ್ದು ಒಂದೇ ಫ್ರೀವೀಲು. ಚಾನಲ್ ಏರಿ ಹತ್ತುವಾಗ ಇಳಿದು ನೂಕುತ್ತಿದ್ದ.

ಗಾಳಿಯ ವಿಷಯದಲ್ಲಿ ಮಾತ್ರ ಅಪ್ಪ ಬಲು ಕಟ್ಟುನಿಟ್ಟು. ಬೆಳಿಗ್ಗೆ ಹೊರಡುವ ಮುಂಚೆ ಎರಡೂ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತಿದ್ದ. ಕ್ಯಾರಿಯರ್ ಮೇಲೆ ಭತ್ತದ ಚೀಲ ಇದ್ದರೆ ಹಿಂದಕ್ಕೆ ಗಟ್ಟಿ ಗಾಳಿ. ಬರಿಗೈಲಿ ಗರಸಿನ ಮೇಲೆ ಹೋಗುವುದಾದರೆ ಒಂಚೂರು ಗಾಳಿ ಬಿಡುತ್ತಿದ್ದ. ಬಿರುಸು ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಮೆತ್ತಗಿದ್ದದ್ದು ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಮಗಳೂ ತನ್ನ ತೂಕ ನೋಡಿ ಗಾಳಿಯ ಲೆಕ್ಕ ಹಾಕುತ್ತಿದ್ದಾಳೆ.

ಮಳೆಗಾಲದ ಎರೆಮಣ್ಣಿನ ಸಂಕಟ ಕಂಡವರಿಗೇ ಗೊತ್ತು. ನಾಲ್ಕು ಮಾರು ಹೋಗುವುದರೊಳಗೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ಇಲ್ಲ. ಅದಕ್ಕೆಂದೇ ಅಪ್ಪ ಹ್ಯಾಂಡಲ್ಲಿಗೆ ಒಂದು ಬಿದಿರಿನ ದಬ್ಬೆ ಕಟ್ಟಿಕೊಂಡಿರುತ್ತಿದ್ದ. ಇಳಿದು, ಕೆತ್ತಿ, ಮತ್ತೆ ಹತ್ತಬೇಕು. ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ 2006ರಿಂದ ಸುಮಾರು 320 ಕಿಲೋಮೀಟರಿನ ಗರಸು ರೇಸು ನಡೆಯುತ್ತದೆ. 2023ರಲ್ಲಿ ಅಲ್ಲಿ ಜಿಗುಟು ಕೆಸರು ಎದ್ದಾಗ, ಲಕ್ಷಾಂತರ ರೂಪಾಯಿಯ ಸೈಕಲ್ ಹೊತ್ತವರು ಪೇಂಟ್ ಕಲಕುವ ಪಟ್ಟಿಯಿಂದ ಮಣ್ಣು ಕೆತ್ತಿದರು.

ಇದನ್ನು ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತನ ದಬ್ಬೆ ಎಷ್ಟು ಉದ್ದ ಇತ್ತಪ್ಪಾ?" ಅಂದಳು.

ಗೇಣುದ್ದ. ಒಂದು ತುದಿ ಚಪ್ಪಟೆ ಹೆರೆದಿರಬೇಕು. ಹಸಿ ಬಿದಿರು ಬಾಗುತ್ತದೆ, ಒಣಗಿದ್ದೇ ಆಗಬೇಕು. ಹಿತ್ತಲಲ್ಲಿ ಎರಡು ಹೆರೆದು ಇಟ್ಟಿದ್ದೇನೆ, ದಾರಿಯಲ್ಲಿ ಒಂದು ಮುರಿದರೆ ಇನ್ನೊಂದು ಇರಲಿ ಎಂದು.