ಬಾಯಿಹುಣ್ಣಿನ ಜಾಡು ಹಿಡಿದ ವೈದ್ಯ

ಬಾಯಿಹುಣ್ಣಾದರೆ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವವರೇ ಹೆಚ್ಚು. ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುವುದರಿಂದ ಈ ಉಪೇಕ್ಷೆ ಬಹುಮಟ್ಟಿಗೆ ಸರಿಯೂ ಹೌದು. ಆದರೆ ಮತ್ತೆ ಮತ್ತೆ ಮರುಕಳಿಸುವ ಹುಣ್ಣು, ಅಪರೂಪಕ್ಕೆ, ಕಣ್ಣನ್ನೇ ಕಳೆಯಬಲ್ಲ ರೋಗವೊಂದರ ಮೊದಲ ಲಕ್ಷಣವಾಗಿರುತ್ತದೆ.

ಕ್ರಿಸ್ತಪೂರ್ವ ಕಾಲದ ಗ್ರೀಕ್ ವೈದ್ಯ ಹಿಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥವೊಂದರಲ್ಲಿ ಬಾಯಿಹುಣ್ಣು, ಜನನಾಂಗದ ಹುಣ್ಣು ಹಾಗೂ ದೃಷ್ಟಿ ಕೆಡಿಸುವ ಕಣ್ಣುಬೇನೆಯ ವರ್ಣನೆ ಒಟ್ಟಿಗೇ ಬರುತ್ತದೆ. ಮುಂದೆ ವೈದ್ಯಶಾಸ್ತ್ರ ಕವಲೊಡೆದಂತೆ ಬಾಯಿ, ಕಣ್ಣು, ಚರ್ಮ ಬೇರೆ ಬೇರೆ ತಜ್ಞರ ಪಾಲಾದವು. ಮೂರನ್ನೂ ಒಟ್ಟಿಗೆ ನೋಡುವವರು ಇಲ್ಲವಾದರು.

ಆ ಕೊಂಡಿಯನ್ನು ಮತ್ತೆ ಬೆಸೆದವರಲ್ಲಿ ಪ್ರಮುಖರು ಇಸ್ತಾನ್‌ಬುಲ್‌ನ ಚರ್ಮರೋಗ ತಜ್ಞ ಹುಲುಸಿ ಬೆಹ್ಚೆತ್ (1889–1948). 1920ರ ದಶಕದಲ್ಲಿ ಅವರ ಬಳಿ ಬಂದ ರೋಗಿಯೊಬ್ಬ ಅದಕ್ಕೂ ಮೊದಲು ಹಲವು ವರ್ಷ ವೈದ್ಯರಿಂದ ವೈದ್ಯರಿಗೆ ಅಲೆದಿದ್ದ. 1930ರಲ್ಲಿ ಮಹಿಳೆಯೊಬ್ಬರಲ್ಲೂ ಅದೇ ಮೂರು ಲಕ್ಷಣಗಳು ಕಂಡವು. ಜನನಾಂಗದ ಹುಣ್ಣೆಂದರೆ ಸಿಫಿಲಿಸ್ ಎಂದು ಮೊದಲು ಶಂಕಿಸುತ್ತಿದ್ದ ಕಾಲವದು. ಸ್ವತಃ ಸಿಫಿಲಿಸ್ ತಜ್ಞರಾಗಿದ್ದ ಬೆಹ್ಚೆತ್, ಇದು ಬೇರೆಯೇ ರೋಗವೆಂದು 1937ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದರು. ಗ್ರೀಸ್‌ನ ನೇತ್ರತಜ್ಞ ಅದಮಾಂಟಿಯಾಡಿಸ್ 1931ರಲ್ಲೇ ಇಂಥದೊಂದು ಪ್ರಕರಣವನ್ನು ಪ್ರಕಟಿಸಿದ್ದರು. ಹಾಗಾಗಿ ಕೆಲವೆಡೆ ರೋಗಕ್ಕೆ ಇಬ್ಬರ ಹೆಸರೂ ಉಂಟು.

ಇದಕ್ಕೆ ವೈರಸ್ ಕಾರಣವೆಂದು ಬೆಹ್ಚೆತ್ ಭಾವಿಸಿದ್ದರು. ಅದು ಸಾಬೀತಾಗಲಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ರಕ್ತನಾಳಗಳು ಉರಿಯೂತಕ್ಕೆ ಈಡಾಗುವುದೇ ರೋಗದ ಸ್ವರೂಪ ಎಂಬುದು ಈಗಿನ ತಿಳಿವಳಿಕೆ. ಟರ್ಕಿಯಿಂದ ಜಪಾನಿನವರೆಗೆ, ಹಳೆಯ ರೇಷ್ಮೆ ಮಾರ್ಗದುದ್ದಕ್ಕೂ ಇದು ಹೆಚ್ಚು. ಅಲ್ಲಿನ ರೋಗಿಗಳಲ್ಲಿ ಎಚ್‌ಎಲ್‌ಎ-ಬಿ51 ಎಂಬ ವಂಶವಾಹಿಯೂ ಹೆಚ್ಚಾಗಿ ಕಾಣುತ್ತದೆ.

ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಲಕ್ಷಣಗಳನ್ನು ಕೂಡಿಸಿ ನೋಡುವುದೊಂದೇ ದಾರಿ. 1990ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ರೂಪಿಸಿದ ಮಾನದಂಡದಲ್ಲಿ ಮೊದಲ ಸ್ಥಾನ ಬಾಯಿಹುಣ್ಣಿಗೇ: ವರ್ಷದಲ್ಲಿ ಕನಿಷ್ಠ 3 ಬಾರಿ ಅದು ಮರುಕಳಿಸಿರಬೇಕು, ಜೊತೆಗೆ ಬೇರೆ 2 ಲಕ್ಷಣಗಳಿರಬೇಕು.

ಪದೇ ಪದೇ ಹುಣ್ಣಾಗುವವರೆಲ್ಲ ಹೆದರಬೇಕಿಲ್ಲ. ಬಹುತೇಕರಲ್ಲಿ ಅದು ಬಾಯಿಗಷ್ಟೇ ಸೀಮಿತ. ಕೆಲವರಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ ಅಥವಾ ಬಿ12 ಜೀವಸತ್ವದ ಕೊರತೆ ಇರುತ್ತದೆ. ಆದರೆ ಬಾಯಿಹುಣ್ಣಿನ ಜೊತೆ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ, ಎರಡನ್ನೂ ಒಬ್ಬರೇ ವೈದ್ಯರಿಗೆ ತಡಮಾಡದೆ ಹೇಳಬೇಕು. ರೋಗವನ್ನು ಬೇಗ ಗುರುತಿಸಿದರೆ ದೃಷ್ಟಿ ಉಳಿಸಬಲ್ಲ ಔಷಧಗಳು ಇಂದು ಇವೆ.